ಎರಡನೇ ಟಬ್ಬಿಗೂ ಬಡಿಸಿದೆ

ಜಗಳೂರು ತಾಲ್ಲೂಕು,
೧೨ ಮಾರ್ಚ್ ೨೦೨೫, ಬುಧವಾರ

ನನ್ನ ಯಶೂ,

ಊಟ ಮಾಡಿದ್ದೀಯಾ? ಮಾಡಿಲ್ಲದಿದ್ದರೆ ಈ ಪತ್ರವನ್ನು ಮಡಚಿಟ್ಟು ಮೊದಲು ಉಂಡು ಬಾ. ಹಸಿದ ಹೊಟ್ಟೆಯಲ್ಲಿ ಓದುವಂಥದ್ದಲ್ಲ ಇದು.

ಫೋನ್ ಇರುವಾಗ ನಿಮ್ಮವ್ವನಿಗೆ ಇದೇನು ಪತ್ರದ ಹುಚ್ಚು ಎಂದು ನಿನ್ನ ಲಕ್ಷ್ಮೀದೇವಿ ಅತ್ತೆ ನಗಬಹುದು. ನಗಲಿ. ನೀನು ದಾವಣಗೆರೆಯ ಹಾಸ್ಟೆಲ್ ಬಿಟ್ಟು ಹೊನ್ನಾಳಿಯ ಸೋದರತ್ತೆ ಮನೆ ಸೇರಿ ಇವತ್ತಿಗೆ ಇಪ್ಪತ್ತಾರು ದಿನ. ಅಷ್ಟರಲ್ಲಿ ನಾನು ಆ ಟಬ್ಬುಗಳ ಮಾತು ಎತ್ತಿದ್ದು ಏಳು ಸಲ. ಏಳು ಸಲವೂ "ಅವ್ವ, ಅದು ಮುಗೀತು, ಬಿಡು" ಎಂದು ನೀನು ಫೋನ್ ಕಟ್ ಮಾಡಿದೆ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ ನೋಡು. ಹರಿದು ಹಾಕಬಹುದು. ಆದರೆ ನಿನ್ನನ್ನು ಹೆತ್ತವಳು ನಾನು, ಹರಿಯುವ ಮೊದಲು ನೀನು ಓದಿಯೇ ಓದುತ್ತೀಯ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಪ್ರಯೋಗ ಸೋತಿಲ್ಲ. ಅದನ್ನು ಕೆಡಿಸಿದವಳು ನಾನು. ಏನೂ ಹಾಕಬೇಡ ಎಂದು ನೀನು ಹೇಳಿ ಹೋಗಿದ್ದ ಎರಡನೇ ಟಬ್ಬಿಗೂ ನಾನು ಪುಡಿ ಹಾಕಿದ್ದೆ.

ಈಗ ಎದ್ದು ಓಡಾಡಬೇಡ, ಕೂತುಕೋ. ಎಲ್ಲವನ್ನೂ ಹೇಳುತ್ತೇನೆ.

ಸಂಕ್ರಾಂತಿ ಮುಗಿದ ಮರುದಿನ ನೀನು ಎರಡು ಬಿಳಿ ಪ್ಲಾಸ್ಟಿಕ್ ಟಬ್ಬು, ಹನ್ನೆರಡು ಪೊಟ್ಟಣ ಪುಡಿ ಹೊತ್ತು ಬಂದೆ. ಟಬ್ಬುಗಳನ್ನು ನಮ್ಮ ಅಂಗಳದಲ್ಲಿ ಅಕ್ಕಪಕ್ಕ ಇಟ್ಟೆ. ರೇಣುಕಪ್ರಸಾದರ ನೂಲಿಗೆ ಬಣ್ಣ ಹಾಕುವ ಶೆಡ್ಡಿನಿಂದ ಹೊರಗೆ ಹರಿಯುವ ಕೆಂಪು ನೀರನ್ನು ಎರಡಕ್ಕೂ ಸಮ ಸುರಿಯಬೇಕು, ಒಂದನೆಯದಕ್ಕೆ ಮಾತ್ರ ಒಂದು ಪೊಟ್ಟಣ ಹಾಕಿ ಕೋಲಿನಿಂದ ಕದಡುತ್ತಿರಬೇಕು, ಎರಡು ದಿನ ಬಿಸಿಲು ಕಾಯಿಸಬೇಕು, ಮೂರನೇ ದಿನ ಪುಡಿ ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಬಾಟಲಿಗೆ ತುಂಬಿ ಬಸ್ಸಿನಲ್ಲಿ ಕಳಿಸಬೇಕು. ಹೀಗೆ ಎಂಟು ಸರದಿ ಎಂದೆ ನೀನು. ನಿನಗೆ ದಾವಣಗೆರೆಯ ಲ್ಯಾಬಿನಲ್ಲಿ ಬೇರೆ ಕೆಲಸವಿತ್ತು, ಎಲ್ಲವನ್ನೂ ನನ್ನ ಕೈಗೆ ಒಪ್ಪಿಸಿ ಸಂಜೆಯ ಬಸ್ಸು ಹತ್ತಿದೆ.

ಆ ಪುಡಿಯ ಹೆಸರನ್ನು ನೀನು ಪೊಟ್ಟಣದ ಮೇಲೆ ಬರೆದಿದ್ದೆ, ಟೈಟಾನಿಯಂ ಡೈಆಕ್ಸೈಡ್ ಎಂದು. ನನ್ನ ನಾಲಿಗೆಗೆ ಹತ್ತಲು ಒಂದು ವಾರ ಬೇಕಾಯಿತು. "ಅವ್ವ, ಬಿಸಿಲು ಬಿದ್ರೇನೇ ಇದಕ್ಕೆ ಜೀವ ಬರೋದು. ಬಣ್ಣದ ರಾಸಾಯನಿಕಾನ ಚೂರು ಚೂರು ಮಾಡಿ ಹಾಕ್ತೈತೆ, ತಾನು ಮಾತ್ರ ಸವೆಯಲ್ಲ" ಎಂದು ನೀನು ಹೇಳಿದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ! ನಮ್ಮ ಜಗಳೂರು ಸೀಮೆಯಲ್ಲಿ ಬಿಸಿಲಿಗೇನು ಬರವಿಲ್ಲ. ಇಷ್ಟು ದಿನ ಬೈದುಕೊಂಡ ಬಿಸಿಲು ಒಂದು ಕೆಲಸಕ್ಕೆ ಬಂತಲ್ಲ ಎಂದು ನಿಮ್ಮಪ್ಪನ ಮುಂದೆ ಹೇಳಿಕೊಂಡು ಕುಣಿದೆ.

ಎರಡನೆಯದಕ್ಕೆ ಯಾಕೆ ಏನೂ ಹಾಕಬಾರದು ಎಂದು ನಾನು ಕೇಳಲಿಲ್ಲ. "ಹೋಲಿಸಾಕೆ ಬೇಕವ್ವ" ಎಂದಷ್ಟೇ ನೀನೂ ಹೇಳಿದೆ. ನಾನು ಅರ್ಥವಾದವಳಂತೆ ತಲೆ ಆಡಿಸಿದೆ. ಓದಿದ ಮಗಳ ಮುಂದೆ ದಡ್ಡಿ ಎನಿಸಿಕೊಳ್ಳಲು ಯಾವ ತಾಯಿಗೆ ಇಷ್ಟ ಹೇಳು.

ಮರುದಿನ ಬೆಳಗ್ಗೆ ಪೊಟ್ಟಣ ಬಿಚ್ಚಿ ಒಂದನೇ ಟಬ್ಬಿಗೆ ಉದುರಿಸತೊಡಗಿದೆ. ಅರ್ಧ ಉದುರಿತ್ತು, ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಅದೇ ಅಳತೆಯ ಟಬ್ಬು, ಅದೇ ನೀರು, ಒಂದೇ ಸಾಲಿನಲ್ಲಿ ಕೂತಿದೆ. ಇದಕ್ಕೆ ಹಾಕಿ ಅದನ್ನು ದಾಟಿಕೊಂಡು ಹೋಗಲು ನನ್ನಿಂದ ಆಗಲಿಲ್ಲ ಯಶೂ. ಉಳಿದರ್ಧವನ್ನು ಅದಕ್ಕೆ ಹಾಕಿ ಎರಡನ್ನೂ ಚೆನ್ನಾಗಿ ಕದಡಿದೆ. ಎಂಟು ಸರದಿಯೂ ಹಾಗೆಯೇ ಮಾಡಿದೆ.

ನಗಬೇಡ. ಅಥವಾ ನಕ್ಕುಬಿಡು, ಆಮೇಲೆ ಕೇಳು.

ನಿನಗೆ ಇದುವರೆಗೆ ಹೇಳದ ಒಂದು ವಿಷಯವಿದೆ. ನನಗೆ ಏಳು ವರ್ಷವಿದ್ದಾಗ ತವರಿನಲ್ಲಿ, ಚನ್ನಗಿರಿ ಕಡೆ, ದೊಡ್ಡ ಮನೆಯೊಂದರ ಮದುವೆ. ನಮ್ಮ ಕೇರಿಯವರನ್ನು ನೆಂಟರ ಊಟವೆಲ್ಲ ಆದ ಮೇಲೆ ದನದ ಕೊಟ್ಟಿಗೆಯ ಪಕ್ಕ ಕೂರಿಸಿದರು. ನಮ್ಮ ಮುಂದಿನ ಸಾಲಿನಲ್ಲಿ ಆ ಮನೆಯ ಆಳುಗಳು ಕೂತಿದ್ದರು. ಹೋಳಿಗೆಯ ಬುಟ್ಟಿ ಹಿಡಿದವನು ಆ ಸಾಲಿನ ಕೊನೆಯವರೆಗೆ ಬಂದ, ನಮ್ಮನ್ನು ನೋಡಿದ, ಹಿಂತಿರುಗಿ ಹೋದ. ಬುಟ್ಟಿ ಖಾಲಿಯಾಗಿರಲಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಎಲೆಯ ಒಂದು ಮೂಲೆಯನ್ನು ಹೋಳಿಗೆಗೆಂದು ಖಾಲಿ ಇಟ್ಟುಕೊಂಡಿದ್ದೆ. ಅನ್ನ ಸಾರು ಉಂಡು ಆ ಮೂಲೆಯನ್ನು ಹಾಗೆಯೇ ಮಡಚಿ ಎದ್ದು ಬಂದೆ.

ಹದಿನಾಲ್ಕು ವರ್ಷದ ಹಿಂದೆ ಈ ಊರಿನ ಶಾಲೆಯಲ್ಲಿ ಬಿಸಿಯೂಟದ ಕೆಲಸಕ್ಕೆ ಸೇರಿದಾಗ ಮೊದಲ ವಾರ ಒಂಬತ್ತು ಮಕ್ಕಳು ನನ್ನ ಅಡುಗೆ ಮುಟ್ಟಲಿಲ್ಲ. ಮನೆಯಲ್ಲಿ ಬೇಡವೆಂದು ಹೇಳಿ ಕಳಿಸಿದ್ದರು. ಆದರೂ ನಾನು ದಿನವೂ ಸಾಲಿನಲ್ಲಿ ಅವರ ಒಂಬತ್ತು ತಟ್ಟೆ ಇಡುತ್ತಿದ್ದೆ, ಒಂಬತ್ತಕ್ಕೂ ಬಡಿಸುತ್ತಿದ್ದೆ. ಎಂಟನೇ ದಿನ ಒಬ್ಬಳು ಬಂದು ಕೂತಳು, ತಿಂಗಳು ತುಂಬುವುದರೊಳಗೆ ಎಲ್ಲರೂ ಕೂತರು. ಅಂದಿನಿಂದ ಇಂದಿನವರೆಗೆ ನನ್ನ ಸೌಟು ಒಂದು ತಟ್ಟೆಯನ್ನೂ ದಾಟಿ ಹೋಗಿಲ್ಲ. ಪಂಕ್ತಿಭೇದ ಅನ್ನುವುದು ನನ್ನ ಕೈಗೆ ಬರುವುದಿಲ್ಲ. ಟಬ್ಬಿಗೆ ಅದೆಲ್ಲ ಎಲ್ಲಿಂದ ಬಂತು ಅವ್ವ ಎಂದು ನೀನು ಕೇಳಬಹುದು. ಕೈಗೆ ಅಷ್ಟೆಲ್ಲ ವಿಚಾರ ತಿಳಿಯುತ್ತದೆಯೇ?

ಇಷ್ಟೇ ಆಗಿದ್ದರೆ ತಪ್ಪು ಎಂದು ಕ್ಷಮಿಸಬಹುದಿತ್ತು. ಮುಂದಿನದು ತಪ್ಪಲ್ಲ, ಸುಳ್ಳು. ನಾಲ್ಕನೇ ಸರದಿಯ ಬಾಟಲಿಗಳು ತಲುಪಿದ ದಿನ ನೀನು ಫೋನ್ ಮಾಡಿದ್ದೆ. "ಅವ್ವ, ಎರಡನೇ ಬಾಟಲಿ ನೀರೂ ತಿಳಿಯಾಗೈತಲ್ಲ, ಅದಕ್ಕೇನಾದ್ರೂ ಹಾಕಿದ್ಯಾ?" ಎಂದು ಕೇಳಿದೆ. ನಾನು "ಇಲ್ಲ ಕಣವ್ವ" ಎಂದೆ. ನಿನ್ನ ದನಿಯಲ್ಲಿ ಗಾಬರಿಯಿತ್ತು. ನೀನು ಬೈಯುತ್ತೀಯ ಎಂದು ಹೆದರಿದೆ. ಎರಡೂ ತಿಳಿಯಾದರೆ ಒಳ್ಳೆಯದೇ ಅಲ್ಲವೇ, ಇದರಲ್ಲಿ ಗಾಬರಿಯೇನು ಎಂದುಕೊಂಡೆ. ಎರಡನೇ ಟಬ್ಬು ಕೆಂಪಾಗಿಯೇ ಉಳಿದರೆ ಮಾತ್ರ ಪುಡಿಯ ಗುಣ ಗೊತ್ತಾಗುವುದು ಎಂಬ ಬುದ್ಧಿ ಈ ತಲೆಗೆ ಹೊಳೆಯಲಿಲ್ಲ. ನೀನು ನನ್ನ ಮಾತನ್ನು ನಂಬಿದೆ. ಅದೇ ನನ್ನನ್ನು ತಿನ್ನುತ್ತಿರುವುದು.

ಆಮೇಲಿನದು ನಿನಗೆ ಗೊತ್ತು. ಪುಡಿ ಹಾಕಿದ ನೀರೂ ಅಷ್ಟೇ, ಹಾಕದ ನೀರೂ ಅಷ್ಟೇ, ಅಂದಮೇಲೆ ಪುಡಿಯಿಂದ ಏನೂ ಆಗಿಲ್ಲ, ಬರೀ ಬಿಸಿಲಿಗೇ ಬಣ್ಣ ಹೋಗಿದೆ ಎಂದು ನಿನ್ನ ಸಂಶೋಧನೆಯ ಗೈಡ್ ತಿಪ್ಪೇರುದ್ರಸ್ವಾಮಿ ಸರ್ ಹೇಳಿದರು. ನೀನು ಎಂಥ ಪ್ರಾಮಾಣಿಕಳು ನೋಡು, ಅದನ್ನು ಮುಚ್ಚಿಡದೆ ನಮ್ಮ ಪಂಚಾಯ್ತಿಗೂ ಬಂದು ಹೇಳಿದೆ. ಬಣ್ಣದ ನೀರನ್ನು ಶುದ್ಧ ಮಾಡುವ ತೊಟ್ಟಿ ಕಟ್ಟಲೇಬೇಕೆಂದು ಸದಸ್ಯರು ಅವತ್ತು ತೀರ್ಮಾನ ಮಾಡುವವರಿದ್ದರು. ರೇಣುಕಪ್ರಸಾದರು ಎದ್ದು ನಿಂತು, "ಕೇಳಿದ್ರಲ್ಲ? ನಿಮ್ಮೂರ ಹುಡುಗೀನೇ ಹೇಳ್ತೈತೆ, ಬಿಸಿಲಿಗಿಟ್ರೆ ಸಾಕಂತೆ. ತೊಟ್ಟಿ ಯಾಕೆ ಬೇಕ್ರೀ, ನಾನೊಂದು ಗುಂಡಿ ತೋಡಿಸ್ತೀನಿ" ಎಂದರು. ನೀನು ತಲೆ ತಗ್ಗಿಸಿ ಕೂತಿದ್ದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗಲೂ ನನಗೆ ತಿಳಿಯಲಿಲ್ಲವಲ್ಲ ಎಂದು ನೆನೆದರೆ ನನಗೇ ಎರಡು ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಅವರು ಹೇಳಿದ ಹಾಗೆ ಗುಂಡಿ ತೋಡಿಸಿದರು, ಶಾಲೆಯ ಬೋರಿನಿಂದ ಕೂಗಳತೆ ದೂರದಲ್ಲಿ. ಹದಿನೈದು ದಿನವಾಯಿತು, ಮೇಲೆ ಕೆಂಡದಂಥ ಬಿಸಿಲು, ಗುಂಡಿಯ ನೀರು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೆಯೇ ಕೆಂಪು. ಮಾರ್ಚ್ ಒಂದರಂದು ಶಾಲೆಯಲ್ಲಿ ಅನ್ನಕ್ಕೆ ಇಟ್ಟು ಮುಚ್ಚಳ ತೆಗೆದರೆ ಗಂಜಿ ತಿಳಿ ಗುಲಾಬಿಯಾಗಿ ಕುದಿಯುತ್ತಿತ್ತು. ಗುಂಡಿಯ ನೀರು ಇಂಗಿ ಶಾಲೆಯ ಬೋರಿಗೆ ಇಳಿದಿತ್ತು. ಅರವತ್ತಮೂರು ಮಕ್ಕಳ ಅನ್ನ ಯಶೂ. ಹಿಂದಿನ ದಿನದ ಅನ್ನಕ್ಕೂ ಅದೇ ನೀರು, ನಾನು ಗಮನಿಸಿರಲಿಲ್ಲವಷ್ಟೆ.

ಪಾತ್ರೆ ಇಳಿಸಿ ಅಷ್ಟನ್ನೂ ಹಿತ್ತಲಿನಲ್ಲಿ ಸುರಿದು ಮಣ್ಣು ಮುಚ್ಚಿದೆ. ಮುಖ್ಯ ಶಿಕ್ಷಕಿ ಮೇಘಶ್ರೀ ಮಿಸ್ ಓಡಿ ಬಂದರು. ನಿಮ್ಮಪ್ಪನಿಗೆ ಫೋನ್ ಮಾಡಿಸಿದೆ. ಅವರು ಟಿವಿಎಸ್ ಗಾಡಿಗೆ ಕೊಡಗಳನ್ನು ಕಟ್ಟಿಕೊಂಡು ಊರಾಚೆಯ ಬೋರಿನಿಂದ ನೀರು ತಂದರು, ಮಕ್ಕಳಿಗೆ ಎರಡು ಗಂಟೆಗೆ ಊಟವಾಯಿತು. ಇವತ್ತಿಗೂ ಆ ನೀರಿನಲ್ಲೇ ಅಡುಗೆ. ಅವರಿಗೆ ಬೆನ್ನು ನೋವು, ಆದರೂ ಒಂದು ದಿನ ತಪ್ಪಿಸಿಲ್ಲ.

ಅವತ್ತು ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ರೇಣುಕಪ್ರಸಾದರ ಗುಂಡಿಯನ್ನೇ ನೋಡುತ್ತಿದ್ದೆ. ಅದೇ ಶೆಡ್ಡಿನ ನೀರು, ಅದೇ ಬಿಸಿಲು. ನಮ್ಮ ಟಬ್ಬಿನಲ್ಲಿ ಎರಡೇ ದಿನಕ್ಕೆ ತಿಳಿಯಾಯಿತು, ಇಲ್ಲಿ ಹದಿನೈದು ದಿನವಾದರೂ ಯಾಕಿಲ್ಲ ಎಂದು ಯೋಚಿಸಿದೆ. ಆಗ ಹೊಳೆಯಿತು. ಇಲ್ಲಿ ಪುಡಿಯಿಲ್ಲ. ಅಲ್ಲಿ ಎರಡಕ್ಕೂ ಇತ್ತು, ನಾನೇ ಹಾಕಿದ್ದೆ. ಕೈಯಲ್ಲಿದ್ದ ನಾರು ಬಿಟ್ಟು ಅಲ್ಲೇ ಕುಕ್ಕರಿಸಿದೆ. ಮಿಸ್ ಬಂದು ಏನಾಯಿತು ಎಂದು ಕೇಳಿದಾಗ ಮೊದಲ ಸಲ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ. "ಅಂತರಘಟ್ಟಮ್ಮ, ಪುಡಿ ಉಳಿದೈತಾ?" ಎಂದಷ್ಟೇ ಕೇಳಿದರು.

ಉಳಿದಿತ್ತು, ನಾಲ್ಕು ಪೊಟ್ಟಣ.

ಅಂದೇ ಟಬ್ಬುಗಳನ್ನು ಶಾಲೆಯ ಅಂಗಳಕ್ಕೆ ಸಾಗಿಸಿದೆವು. ನಮ್ಮ ಮನೆಯಲ್ಲಿ ಮಾಡಿದರೆ ನಾಳೆ ಯಾರಾದರೂ ಸುಳ್ಳು ಎನ್ನಬಹುದು, ಎಲ್ಲರ ಕಣ್ಣೆದುರೇ ಆಗಲಿ ಎಂದೆ. ನೀರು ತರಲು ನಾನೇ ಗುಂಡಿಗೆ ಹೋದೆ. ರೇಣುಕಪ್ರಸಾದರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಏನವ್ವ, ಕೊಳಚೆ ನೀರು ಹೊತ್ಕೊಂಡು ಎಲ್ಲಿಗೆ?" ಎಂದರು. "ನಿಮ್ ಬಿಸಿಲು ಹದಿನೈದು ದಿನದಿಂದ ಏನ್ ಮಾಡೈತೆ ಅಂತ ನೋಡಾಕೆ ಸಾವ್ಕಾರ್ರೇ" ಎಂದೆ. "ನಿನ್ ಮಗಳೇ ಹೇಳಿದ್ದಲ್ವಾ?" ಎಂದರು. "ಅವಳಿಗೆ ತಪ್ಪು ಹೇಳಿದ್ದು ನಾನು. ಈಗ ಸರಿ ಮಾಡಾಕೆ ಹೊಂಟೀನಿ" ಎಂದು ಕೊಡ ಎತ್ತಿಕೊಂಡೆ. ಅವರು ತಡೆಯಲಿಲ್ಲ. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ, ಸುಲಭದ ದಾರಿ ಸಿಕ್ಕರೆ ಯಾರು ಬಿಡುತ್ತಾರೆ? ಆ ಸುಲಭದ ದಾರಿಯನ್ನು ಅವರ ಕೈಗೆ ಕೊಟ್ಟವಳು ನಾನು.

ಮೂರು ಸರದಿ ಮಾಡಿದೆವು. ಪ್ರತಿ ಸಲವೂ ಮಿಸ್ ಮುಂದೆ ಪೊಟ್ಟಣ ಬಿಚ್ಚಿ ಇಡೀ ಪುಡಿಯನ್ನು ಒಂದನೆಯದಕ್ಕೆ ಹಾಕಿದೆ. ಎರಡನೆಯದಕ್ಕೆ ಬರೀ ಕೋಲು ಆಡಿಸಿದೆ. ನಿನ್ನ ಪುಸ್ತಕಗಳಲ್ಲಿ ಎಷ್ಟೋ ಕಷ್ಟದ ಕೆಲಸಗಳಿರಬಹುದು, ನನಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿರಲಿಲ್ಲ. ಮೊದಲ ದಿನ ಕೋಲು ಹಿಡಿದು ಅದರ ಮುಂದೆಯೇ ನಿಂತುಬಿಟ್ಟೆ, ಮಿಸ್ ಕಂಡು ನಕ್ಕರು. ನಾನೂ ನಕ್ಕೆ. ಗುಲಾಬಿ ಗಂಜಿಯನ್ನು ನೆನೆಸಿಕೊಂಡು ಎರಡನೇ ಟಬ್ಬನ್ನು ದಾಟಿ ಬಂದೆ.

ಎರಡನೇ ದಿನದ ಸಂಜೆಗೆ ಒಂದನೆಯದರ ತಳದಲ್ಲಿ ಕೂತ ಬಿಳಿ ಪುಡಿ ಮೇಲಿನಿಂದಲೇ ಕಾಣುತ್ತಿತ್ತು, ಅಷ್ಟು ತಿಳಿ. ಎರಡನೆಯದರಲ್ಲಿ ಕೈ ಅದ್ದಿದರೆ ಬೆರಳೇ ಕಾಣದು. ಮೂರು ಸಲವೂ ಹೀಗೆಯೇ. ಏಳನೇ ತರಗತಿಯ ಮಕ್ಕಳು ಸುತ್ತ ನಿಂತು ಹೋ ಎಂದು ಕೂಗಿದರು. ಆರು ಬಾಟಲಿ ತುಂಬಿ, ತಾರೀಕು ಬರೆದು, ಮಿಸ್ ಮತ್ತು ನಾನು ಪ್ರತಿಯೊಂದರ ಮೇಲೂ ಸಹಿ ಮಾಡಿದ್ದೇವೆ. ಬಾಟಲಿಗಳು ಭದ್ರವಾಗಿವೆ.

ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತು ಎಂದಲ್ಲ ಎಂದು ನೀನೇ ಒಂದು ಸಲ ಹೇಳಿದ್ದೆ. ಮರೆತಿಲ್ಲ. ಅದನ್ನು ನಿಮ್ಮ ಲ್ಯಾಬಿನ ಯಂತ್ರವೇ ಹೇಳಬೇಕು, ಆ ಯಂತ್ರದ ಮುಂದೆ ಕೂರಬೇಕಾದವಳು ನೀನು. ನ್ಯಾಮತಿಯಲ್ಲಿ ಟ್ಯೂಷನ್ ಸೆಂಟರಿಗೆ ಸೇರುತ್ತೇನೆ ಎಂದು ಅತ್ತೆಗೆ ಹೇಳಿದ್ದೀಯಂತೆ. ಪಾಠ ಹೇಳುವುದು ಒಳ್ಳೆಯ ಕೆಲಸವೇ, ನಾನು ಬೇಡ ಎನ್ನುವುದಿಲ್ಲ. ಆದರೆ ಸೋತೆ ಎಂದುಕೊಂಡು ಹೋಗಬೇಡ. ನೀನು ಸೋತಿಲ್ಲ. ನಿನ್ನ ಲೆಕ್ಕ ಸರಿಯಿತ್ತು, ನಿನ್ನ ಪುಡಿ ಸರಿಯಿತ್ತು.

ಮಾರ್ಚ್ ಇಪ್ಪತ್ತನಾಲ್ಕು, ಸೋಮವಾರ, ಗ್ರಾಮಸಭೆ. ಅಲ್ಲಿ ಎದ್ದು ನಿಂತು ನಾನು ಮಾಡಿದ್ದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಊರು ನಗಲಿ, ಬಿಸಿಯೂಟದವಳು ವಿಜ್ಞಾನ ಕೆಡಿಸಿದಳು ಎನ್ನಲಿ. ಅದನ್ನು ಬರೆದು ಸಹಿ ಹಾಕಿ ಪಂಚಾಯ್ತಿಗೆ ಈಗಾಗಲೇ ಕೊಟ್ಟಿದ್ದೇನೆ, ಇನ್ನು ಹಿಂದೆ ಸರಿಯುವ ಮಾತಿಲ್ಲ. ಆ ಗುಂಡಿ ಮುಚ್ಚಬೇಕು, ತೊಟ್ಟಿ ಕಟ್ಟಬೇಕು. ಯಾರೂ ಜೊತೆಗೆ ಬರದಿದ್ದರೂ ನಾನು ಕೇಳುತ್ತೇನೆ. ಆದರೆ ತೊಟ್ಟಿ ಎಷ್ಟು ಆಳ ಇರಬೇಕು, ಎಷ್ಟು ಪುಡಿ ಬೇಕು, ಒಮ್ಮೆ ಹಾಕಿದ ಪುಡಿಯನ್ನು ಸೋಸಿ ಮತ್ತೆ ಬಳಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ನನಗೆ ಅರವತ್ತಮೂರು ಜನಕ್ಕೆ ಎಷ್ಟು ಬೇಳೆ ಎಂದು ಗೊತ್ತು, ಇದು ಗೊತ್ತಿಲ್ಲ. ಅದಕ್ಕೆ ನೀನು ಬೇಕು.

ನೀನು ಬಂದರೆ ನನ್ನನ್ನು ಎಷ್ಟು ಬೇಕಾದರೂ ಬೈಯಬಹುದು. ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ, ಎದುರು ಮಾತಾಡುವುದಿಲ್ಲ. ನಿನ್ನ ಹೆಸರು ಇಡುವಾಗ ನಿಮ್ಮಪ್ಪ ಬುದ್ಧನ ಫೋಟೋದ ಮುಂದೆ ದೀಪ ಹಚ್ಚಿ, ಈ ಮಗು ಸುಳ್ಳು ಕಲಿಯದಿರಲಿ ಎಂದಿದ್ದರು. ಅದನ್ನು ನಾನೇ ಮೊದಲು ಮುರಿದೆ. ನನಗೆ ತುಂಬ ನಾಚಿಕೆಯಾಗಿದೆ ಮಗಳೇ. ಕ್ಷಮಿಸು ಎಂದು ಬರೆಯಲು ಇಷ್ಟು ಪುಟ ಬೇಕಾಯಿತು.

ಬರುವಾಗ ಮೂವತ್ತು ಪೊಟ್ಟಣವಾದರೂ ತಾ. ಉಳಿದಿರುವುದು ಒಂದೇ.

ಕೋಪವಿದ್ದರೂ ಬರುವೆಯೆಂದು ನಂಬಿರುವ
ನಿನ್ನ ಅವ್ವ
ಅಂತರಘಟ್ಟಮ್ಮ

ಮತ್ತೊಂದು ಮಾತು: ಬಾಟಲಿಗಳು ಭದ್ರವಾಗಿವೆ ಎಂದೆನಲ್ಲ, ಎಲ್ಲಿವೆ ಎಂದು ಬರೆಯಲಿಲ್ಲ. ನಿನ್ನ ಸರ್ ಹತ್ತಿರ ಇವೆ. ಮೊನ್ನೆ ಸೋಮವಾರ ಅಡುಗೆಯನ್ನು ಜೊತೆಯವಳಿಗೆ ಒಪ್ಪಿಸಿ, ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೇ ದಾವಣಗೆರೆಗೆ ಹೋಗಿದ್ದೆ. ಟಬ್ಬು ನೋಡಿಕೊಳ್ಳುತ್ತಿದ್ದವಳು ಎಂದಷ್ಟೇ ಹೇಳಿಕೊಂಡು, ನಡೆದದ್ದನ್ನು ತಿಪ್ಪೇರುದ್ರಸ್ವಾಮಿ ಸರ್ ಮುಂದೆ ಹೇಳಿದೆ. ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. "ಯಶೋಧರಾ ವಾಪಸ್ ಬರ್ಲಿ, ಎಲ್ಲಾ ಹೊಸದಾಗಿ ಪರೀಕ್ಷೆ ಮಾಡೋಣ" ಎಂದರು. ಆಮೇಲೆ ನನ್ನನ್ನು ನೋಡಿ, "ಯಶೋಧರಾ ಹೇಳ್ತಿದ್ದ ಸಹಾಯಕಿ ನೀವೇನಾ? ಟ್ರೈನಿಂಗ್ ಆಗಿರೋ ಹೆಂಗಸು ಅಂದಿದ್ರು" ಎಂದರು. ಹೌದು ಸರ್, ಪುಡಿ ಹಾಕಿದವಳು ನಾನೇ ಎಂದೆ. ಬಾಟಲಿಯ ಮೇಲಿದ್ದ ಮೇಘಶ್ರೀ ಮಿಸ್ ಸಹಿಯನ್ನು ಬೆರಳಿನಿಂದ ತೋರಿಸಿ, "ಈ ಟೀಚರ್ರೇ ಯಶೋಧರಾ ಅವರ ತಾಯಿ ಅಲ್ವಾ? ತಾಯಿ ಊರಿನ ಶಾಲೇಲಿ ಟೀಚರ್ ಅಂತ ಯಶೋಧರಾ ಹೇಳ್ತಿದ್ರು" ಎಂದು ಕೇಳಿದರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವಳನ್ನೇ ಕೇಳಿ ಸರ್ ಎಂದು ಎದ್ದು ಬಂದೆ. ಬೇಜಾರಾಗಿಲ್ಲ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಜಗಳೂರು ಬರುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಬಂದೆ. ನನ್ನ ಸುಳ್ಳನ್ನು ನಾನು ಸರಿಪಡಿಸಿಕೊಂಡಿದ್ದೇನೆ, ನಿನ್ನದನ್ನು ನಾನು ಮುಟ್ಟಿಲ್ಲ. ಇಪ್ಪತ್ತನಾಲ್ಕಕ್ಕೆ ಗ್ರಾಮಸಭೆಗೆ ನಿನ್ನ ಸರ್ ಕೂಡ ಬರುತ್ತಾರಂತೆ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.